ಬೋರಲು ಪಾತ್ರೆ

"ಹತ್ತು ನಿಮಿಷ ತಡಿಯಪ್ಪ," ಎಂದು ಮೇಷ್ಟ್ರು ಶವದ ಗಾಡಿಯ ಡ್ರೈವರನ ಕೈ ಹಿಡಿದು ನಿಲ್ಲಿಸಿದರು. ಎಂಬತ್ತು ದಾಟಿದ ಮುದುಕರು. ಫ್ರೆಂಚ್ ಅಡುಗೆ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವರು. ಒಳಗೆ ಮಂಚದ ಮೇಲೆ ಮಲಗಿದ್ದವಳು ಅದೇ ಶಾಲೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸು.

ಗೋಡೆಗೊರಗಿದ್ದ ಹಳೆಯ ಶಿಷ್ಯರು ಮುಖ ಮುಖ ನೋಡಿಕೊಂಡರು. ಹೆಚ್ಚಿನವರು ಈಗ ದೊಡ್ಡ ಹೋಟೆಲುಗಳ ಬಾಣಸಿಗರು. ಮೇಷ್ಟ್ರು ಕರೆದರೆಂದು ಬಂದಿದ್ದರು, ಅಷ್ಟೆ.

"ಏನ್ ಮೇಷ್ಟ್ರೇ, ಇಲ್ಲೂ ಪಾಠಾನಾ?" ಎಂದ ಮೂರ್ಸಲ. ಬೆಣ್ಣೆ ಸಾಸಿನ ಪರೀಕ್ಷೆಯಲ್ಲಿ ಮೂರು ಸಲ ಫೇಲಾದದ್ದಕ್ಕೆ ಬಂದ ಹೆಸರು. ನಾಲ್ಕನೆಯದಕ್ಕೆ ಕೂರದೆ ಬಿಟ್ಟುಹೋಗಿ ಬೇಕರಿ ಇಟ್ಟಿದ್ದ. ಆ ಉರಿ ಇನ್ನೂ ಆರಿರಲಿಲ್ಲ.

ಮೇಷ್ಟ್ರು ಸತ್ತವಳ ಮಗಳ ಕಡೆ ತಿರುಗಿದರು. "ನಿಮ್ಮಮ್ಮ ನಮ್ಮಲ್ಲಿ ಏನು ಕೆಲಸ ಮಾಡ್ತಿದ್ಲು, ಗೊತ್ತೇನಮ್ಮ?"

"ಪಾತ್ರೆ ತೊಳೀತಿದ್ಲು," ಎಂದಳು ಮಗಳು, ತಲೆ ಎತ್ತದೆ. ಚಿಕ್ಕವಳಿದ್ದಾಗ ಶಾಲೆಯ ಫಾರಂನಲ್ಲಿ ತಾಯಿಯ ಉದ್ಯೋಗ ಎಂದಿದ್ದ ಕಡೆ ಅವಳು ಬರೀ ಗೆರೆ ಎಳೆದು ಬಿಡುತ್ತಿದ್ದಳು.

*

ಶಾಲೆಯಲ್ಲಿ ಕಲಿಸುತ್ತಿದ್ದಾಗ ಒಂದು ವರ್ಷ ಕೆಟ್ಟ ಜ್ವರ ಬಂದುಹೋದ ಮೇಲೆ ಮೇಷ್ಟ್ರಿಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಯಾರಿಗೂ ಹೇಳಲಿಲ್ಲ. ಒಮ್ಮೆ ಉಪ್ಪಿನ ಬದಲು ಸಕ್ಕರೆ ಬಿದ್ದ ಸಾಸನ್ನು ಬಾಯಿಗಿಟ್ಟು "ಭೇಷ್" ಎಂದುಬಿಟ್ಟರು. ತೊಳೆಯಲು ಬಂದ ಅದೇ ಪಾತ್ರೆಯನ್ನು ಬೆರಳಲ್ಲಿ ಸವರಿ ನೆಕ್ಕಿ ನೋಡಿದವಳು, ಹುಡುಗರೆಲ್ಲ ಹೋದ ಮೇಲೆ ಕೇಳಿದಳು:

"ಎಷ್ಟು ದಿನದಿಂದ ಹಿಂಗೆ?"

"ಜ್ವರ ಬಿಟ್ಟಾಗಿನಿಂದ," ಎಂದರು ಮೇಷ್ಟ್ರು, ನೆಲ ನೋಡುತ್ತ.

"ಅದಕ್ಯಾಕೆ ಮುಖ ಸಣ್ಣ ಮಾಡ್ತೀರಿ? ನನ್ನ ಬಾಯಿಲ್ವಾ? ಹದಿನೈದು ವರ್ಷ ನಿಮ್ಮ ಪಾತ್ರೆ ಬಳಿದು ತಿಂದ ಬಾಯಿ ಇದು."

ಅಂದಿನಿಂದ, ಸಾಸನ್ನು ಬಟ್ಟಲಿಗೆ ಬಗ್ಗಿಸಿದ ಕೂಡಲೆ ಪಾತ್ರೆ ಅವಳ ಕಡೆ ಹೋಗುತ್ತಿತ್ತು. ಹದವಾಗಿದ್ದರೆ ಬೋರಲು ಹಾಕುತ್ತಿದ್ದಳು. ಇಲ್ಲದಿದ್ದರೆ ಅಂಗಾತ ಇಡುತ್ತಿದ್ದಳು. ಮೇಷ್ಟ್ರು ಗಂಭೀರವಾಗಿ ಚಮಚ ಚೀಪಿ, ಸಿಂಕಿನ ಕಡೆ ಕಣ್ಣು ಹಾಯಿಸಿ, ಅಂಕ ಬರೆಯುತ್ತಿದ್ದರು.

*

"ಹಾಗಾದ್ರೆ ನಮ್ಮ ಸರ್ಟಿಫಿಕೇಟು?" ಎಂದ ಒಬ್ಬ ಬಾಣಸಿಗ, ಮೇಷ್ಟ್ರು ಇದನ್ನೆಲ್ಲ ಹೇಳಿ ಮುಗಿಸಿದಾಗ.

"ಕೊಟ್ಟೋಳು ಅವಳು. ಸಹಿ ಮಾತ್ರ ನಂದು."

"ಮತ್ತೆ ನನ್ನ ಫೇಲ್ ಮಾಡಿದ್ದು?" ಮೂರ್ಸಲನ ದನಿ ಏರಿತು.

"ಅವಳೇ ಕಣೋ. ಮೂರೂ ಸಲ."

ಯಾರೋ ನಗು ತಡೆಯಲಾರದೆ ಕೆಮ್ಮಿದರು. ಮಗಳಿಗೂ ಫಕ್ಕನೆ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅದು ಅಳುವಾಯಿತು.

"ಅವಳಿದ್ದಾಗ ಹೇಳೋಕೆ ಧೈರ್ಯ ಬರ್ಲಿಲ್ಲಮ್ಮ," ಎಂದರು ಮೇಷ್ಟ್ರು. "ನನ್ನ ಮರ್ಯಾದೆ ನೋಡ್ಕೊಂಡೆ. ನಿನಗಾದ್ರೂ ಗೊತ್ತಿರ್ಲಿ."

ಗಾಡಿಯ ಹಿಂಬಾಗಿಲು ತೆರೆದ ಸದ್ದಾಯಿತು. ಎತ್ತಲು ನಾಲ್ವರು ಮುಂದೆ ಬಂದರು. ಅವರನ್ನು ಸರಿಸಿ ಮೂರ್ಸಲ ಮಂಚದ ಪಕ್ಕ ಮೊಣಕಾಲೂರಿ ಕೂತ.

"ಬೆಣ್ಣೆ ಹೆಚ್ಚಾಗಿತ್ತೇನಮ್ಮ?" ಎಂದು ಮೆಲ್ಲಗೆ ಕೇಳಿ, ಅವಳ ಬಾಯಿಯ ಹತ್ತಿರ ಕಿವಿ ತಂದು ಹಾಗೇ ಕಾದ.