ಮಡಿಲಕ್ಕಿಯ ಗಂಟು

ಡೈರಿ ಕಾರ್ಯದರ್ಶಿ ದೇವರಾಜು ಹಾಲಿನ ಕ್ಯಾನಿಗೆ ಯೂರಿಯಾ ಕರಗಿಸಿ ಸುರಿಯುವುದು ಸಂತೆಬಾಚಹಳ್ಳಿ ಕಡೆಯ ಆ ಊರಲ್ಲಿ ಯಾರಿಗೆ ತಾನೇ ಗೊತ್ತಿರಲಿಲ್ಲ? ಬಾಯಿ ಬಿಟ್ಟವನು ಡೈರಿಗೆ ಹಾಲು ಹಾಕುವ ರವೀಂದ್ರ ಒಬ್ಬನೇ. ಮಾರನೆಯ ದಿನದಿಂದಲೇ ಅವನ ಹಾಲು ದೇವರಾಜು ಬರೆಯುವ ಪುಸ್ತಕದಲ್ಲಿ ‘ನೀರು ಹಾಲು’ ಆಗಿಬಿಟ್ಟಿತು. ಪಾಪ, ಹಸು ಮಾರಿಕೊಂಡ.

ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಪ್ರಮೀಳಾ ಕಳ್ಳಾಟವನ್ನೆಲ್ಲ ಮೊಬೈಲಿನಲ್ಲಿ ಹಿಡಿದಿದ್ದಳು. ಹಿಡಿದೇನು ಬಂತು? ಠಾಣೆಗೆ ಕೊಟ್ಟರೆ ಸಂಜೆಯೊಳಗೆ ದೇವರಾಜುವಿನ ಕಿವಿಗೆ ಬೀಳುತ್ತದೆ. ಅಷ್ಟರಲ್ಲಿ ಡೈರಿಗಳನ್ನು ನೋಡಲು ಶಾಸಕರ ಸಮಿತಿ ಬರುತ್ತದೆ, ಬೇರೆ ಜಿಲ್ಲೆಯ ಒಬ್ಬ ಶಾಸಕಿಯೂ ಅದರಲ್ಲಿದ್ದಾರೆ ಎಂಬ ಸುದ್ದಿ ಬಂತು. ಹೆಂಗಸು ಬಂದರೆ ಮಡಿಲು ತುಂಬದೆ ಕಳಿಸುವ ಊರಲ್ಲ ಅದು. ಪ್ರಮೀಳಾ ಮೆಮೊರಿ ಕಾರ್ಡನ್ನು ಅಕ್ಕಿ, ಬೆಲ್ಲ, ಕೊಬ್ಬರಿಯ ನಡುವೆ ಹುದುಗಿಸಿ ರವಿಕೆ ಬಟ್ಟೆಯಲ್ಲಿ ಗಂಟು ಕಟ್ಟಿದಳು.

ಆ ದಿನ ದೇವರಾಜು ತಾನೇ ಮುಂದೆ ನಿಂತು ಎಲ್ಲರಿಗೂ ಹಾರ ಹಾಕಿಸಿದ. ಪ್ರಮೀಳಾ ಶಾಸಕಿಗೆ ಕುಂಕುಮ ಇಟ್ಟು, ಗಂಟನ್ನು ಮಡಿಲಿಗೆ ಹಾಕಿದಳು. “ಮನೇಲಿ ನೀವೇ ಬಿಚ್ಚಿ, ಅವ್ವಾ” ಎಂದು ಪಿಸುಗುಟ್ಟಿದಳು. ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ, ಆಕೆ ನಕ್ಕರು. ಹೊರಡುವಾಗ ಹಾರ, ಶಾಲಿನ ಜೊತೆ ಗಂಟನ್ನೂ ಪಕ್ಕದವರ ಕೈಗೆ ಕೊಟ್ಟು, “ನೀವೇ ಇಟ್ಕೊಳ್ಳಿ ಅಮ್ಮ” ಅಂದುಬಿಟ್ಟರು.

ಪಕ್ಕದಲ್ಲಿದ್ದವಳು ದೇವರಾಜುವಿನ ಹೆಂಡತಿ ಮಾಯಮ್ಮ! ಅಯ್ಯೋ ಶಿವನೇ, ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತಾಯಿತು.

ಮಾಯಮ್ಮ ಅಲ್ಲೇ ಗಂಟು ಬಿಚ್ಚಿ ಅಕ್ಕಿಯಲ್ಲಿ ಬೆರಳಾಡಿಸಿದಳು. ಬೆರಳು ನಿಂತಿತು. ತಲೆಯೆತ್ತಿ ಪ್ರಮೀಳಾಳನ್ನೇ ನೋಡಿದಳು.

“ಏನಮ್ಮೀ ಅದು?” ದೇವರಾಜು ಕೈ ಚಾಚಿದ.

“ಮಡ್ಲಕ್ಕಿಗೆ ಗಂಡುಸ್ರು ಕೈ ಆಕ್ತಾರಾ? ಅತ್ಲಾಗ್ ಓಗಿ!”

ಗದರಿದವಳೇ ಗಂಟು ಬಿಗಿದು ಕಾರಿನ ಬಳಿ ಓಡಿದಳು. “ಅವ್ವಾ, ಮಡ್ಲಕ್ಕಿ ಬ್ಯಾರೇರ್ಗೆ ಕೊಟ್ರೆ ಒಳ್ಳೇದಾಗಕಿಲ್ಲ. ಮನೇಲಿ ನೀವೇ ಬಿಚ್ಚಿ, ನೀವೇ ನೋಡಿ.”

ಶಾಸಕಿ ಅವಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿ, ಗಂಟನ್ನು ಮಡಿಲಲ್ಲಿ ಇಟ್ಟುಕೊಂಡರು. ಕಾರು ಹೊರಟಿತು.

ಮಾಯಮ್ಮ ಬಂದು ಪಕ್ಕದಲ್ಲಿ ನಿಂತಾಗ ಪ್ರಮೀಳಾಳಿಗೆ ಅಳು ಒತ್ತರಿಸಿ ಬಂತು.

“ಅಳ್ಬ್ಯಾಡ ಸುಮ್ಕಿರು, ನೋಡ್ತಾವ್ರೆ” ಎಂದಳು ಮಾಯಮ್ಮ, ಗಂಡನ ಕಡೆ ತಿರುಗದೆ. “ಮೈಸೂರ್ನಲ್ಲಿ ನನ್ ಮೊಮ್ಮಗ್ಳೂ ಪಾಕೀಟ್ ಆಲ್ನೇ ಕಣವ್ವ ಕುಡಿಯೋದು.”