ಬಲಗೆನ್ನೆ

ಬಂದವನು ಗಂಡಸು ಎಂದು ಸಿದ್ದಲಿಂಗವ್ವನಿಗೆ ತಿಳಿದದ್ದು ಚಪ್ಪಲಿಯ ಸದ್ದಿನಿಂದ. ಎದ್ದು ಹೋಗೋಣವೆಂದರೆ ಕಣ್ಣಿಗೆ ಬಿಗಿದ ಕಪ್ಪು ಕನ್ನಡಕದಲ್ಲಿ ಏನೂ ಕಾಣದು. ಬಾಗಿಲು ಯಾವ ಕಡೆ ಇತ್ತೆಂಬುದೂ ಮರೆತುಹೋಗಿತ್ತು.

ಅವಳು ಮಿಸುಕಾಡಿದ್ದನ್ನು ಆಯಾ ಕೆಂಚವ್ವ ಕಂಡಳು. ಎಪ್ಪತ್ಮೂರರ ಆ ಬೇಸಿಗೆಯಲ್ಲಿ ಬೈಲಹೊಂಗಲಕ್ಕೆ ಹಗಲು ಕರೆಂಟು ಬರುತ್ತಿದ್ದದ್ದೇ ಒಂದು ತಾಸು. ದವಾಖಾನೆಯ ಡಾಕ್ಟರ ಬಳಿ ಇದ್ದದ್ದು ಕಾವು ಕೊಡುವ ದೀಪ ಒಂದೇ. ಮೊಡವೆಗೂ ಅದೇ, ಮುಖದ ಬಂಗಿಗೂ ಅದೇ. ಹೀಗಾಗಿ ಬಂದವರೆಲ್ಲ ಅದರ ಮುಂದೆ ಒಟ್ಟಿಗೇ ಕೂಡಬೇಕು. ಬರಿಗಣ್ಣಿಗೆ ಬಿದ್ದರೆ ಕಣ್ಣು ಸುಡುವ ಬೆಳಕಾದ್ದರಿಂದ ಬಾಗಿಲಲ್ಲೇ ಕನ್ನಡಕ ಹಾಕಿಸಿ, ಕೈ ಹಿಡಿದು ತಂದು ಸ್ಟೂಲಿನ ಮೇಲೆ ಕೂಡಿಸುವುದು ಕೆಂಚವ್ವನ ಕೆಲಸ.

"ಯಾರ ಮಾರಿ ಯಾರಿಗೂ ಕಾಣೂದಿಲ್ಲ ತಂಗೆವ್ವಾ. ನಾಚಿಕಿ ಎದಕ್ಕ?"

ಮಾತು ಸಿದ್ದಲಿಂಗವ್ವನಿಗೆ ಹಿಡಿಸಿತು. ಬಿ.ಎ. ಮುಗಿಸಿ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದ ಅವಳನ್ನು ಮೂರು ವರ್ಷಗಳಲ್ಲಿ ಐವರು ಬಂದು ನೋಡಿ ಹೋಗಿದ್ದರು. ಬಲಗೆನ್ನೆಯ ಮೇಲೆ ಹರಡಿದ ಕಂದು ಬಂಗನ್ನೂ ನೋಡಿದ್ದರು. ಊರಿಗೆ ಹೋಗಿ ಪತ್ರ ಬರೆಯುತ್ತೇವೆ ಎಂದಿದ್ದರು. ಐವರಲ್ಲಿ ಒಬ್ಬರಿಗೂ ಅಂಚೆಪೆಟ್ಟಿಗೆ ಸಿಕ್ಕಿರಲಿಲ್ಲ. ನಾಳೆ ಆರನೆಯವನು, ಕಟಕೋಳದ ಅಂದಾನೆಪ್ಪ, ಮನೋಳಿಯ ಅವಳ ಮನೆಗೆ ಬರುವವನಿದ್ದ. ಅಪ್ಪ ಅವನಿಗೆ ಕಳಿಸಿದ ಫೋಟೋದಲ್ಲಿ ಅವಳಿಗೆ ಎಡಗೆನ್ನೆ ಮಾತ್ರ ಇತ್ತು.

ಕೆಂಚವ್ವ ಹೊಸಬನ ಊರು ಕೇಳಿದಳು. ಕಟಕೋಳ ಎಂದ. ರಾಮದುರ್ಗದ ಕಚೇರಿಯಲ್ಲಿ ಗುಮಾಸ್ತನಂತೆ. ಮುಖದ ತುಂಬ ಮೊಡವೆಯ ಕುಳಿಗಳಂತೆ. ನಾಳೆ ಮನೋಳಿಗೆ ಕನ್ಯಾ ನೋಡಲು ಹೋಗಬೇಕಂತೆ.

ಸಿದ್ದಲಿಂಗವ್ವನ ಕಿವಿಗಳು ಬಿಸಿಯಾದವು. ದೀಪದ ಕಾವು ಅಲ್ಲಿಯತನಕ ಬರುತ್ತಿರಲಿಲ್ಲ.

"ಫೋಟೋದಾಗ ಎಡಗಲ್ಲ ಅಷ್ಟ ಐತಿ," ಅವನೆಂದ. "ಬಲಗಲ್ಲ ನಾಳಿಗೆ ಇಟ್ಟಾರಂತ ಕಾಣತೈತಿ."

ಕೆಂಚವ್ವ ನಕ್ಕಳು. ಸಿದ್ದಲಿಂಗವ್ವನಿಗೂ ನಗು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು. ತರಗತಿಯಲ್ಲಿ ಎಂದೂ ಏಳದ ಒಂದು ತುಂಟತನ ಗಂಟಲಿಗೇರಿತು.

"ಆಕಿ ನನಗ ಗೊತ್ತು."

ಅವನು ಕೇಳಿದ: "ಹೆಂಗದಾಳ್ರಿ?"

"ಸೊಕ್ಕಿನಾಕಿ. ಯಾರ ಜೋಡಿನೂ ಮನಸ್ಸು ಬಿಚ್ಚಿ ಮಾತಾಡಂಗಿಲ್ಲ. ಸಾಲ್ಯಾಗ ಡಬ್ಬಿ ತಗೊಂಡು ಒಬ್ಬಾಕಿನ ಕುಂತು ಉಣತಾಳ."

ಇನ್ನಷ್ಟು ಹೇಳುವವಳಿದ್ದಳು. ಆದರೆ ಆಡಿದ್ದರಲ್ಲಿ ಒಂದೂ ಸುಳ್ಳಿಲ್ಲವೆಂದು ಹೊಳೆದು ಆಟದ ರುಚಿ ಕೆಟ್ಟಿತು.

ತಾನೂ ಒಬ್ಬನೇ ಉಣ್ಣುತ್ತೇನೆ ಎಂದ ಅಂದಾನೆಪ್ಪ. ಖಾನಾವಳಿಯಲ್ಲಿ ಗೋಡೆಗೆ ಮುಖ ಮಾಡಿ ಕೂಡುತ್ತಾನಂತೆ. ಆಮೇಲೆ ದನಿ ತಗ್ಗಿಸಿ, ಯಾರಿಗೋ ಹೇಳುವಂತೆ ಹೇಳಿದ:

"ನಾಳೆ ಚಾ ಕುಡದ ಕೂಡ್ಲೆ ಒಲ್ಲೆ ಅಂತೇನ್ರಿ. ಆಕಿ ನನ್ನ ಮಾರಿ ನೋಡಿ ಅನ್ನೂಕಿಂತ ಮೊದಲ ನಾನ ಅಂದಬಿಡತೇನಿ."

ಈ ಸಲ ತಾನೇ ಮೊದಲು ಒಲ್ಲೆನೆನ್ನಬೇಕೆಂದು ಅವಳು ಬೆಳಿಗ್ಗೆ ಬಸ್ಸಿನಲ್ಲಿ ನಿರ್ಧರಿಸಿದ್ದಳು. ಎಷ್ಟು ಹಾಯೆನಿಸಿತ್ತು ಆಗ! ಅದೇ ಮಾತು ಇನ್ನೊಂದು ಬಾಯಿಂದ ಬಂದಾಗ ಎಷ್ಟು ಸಣ್ಣದಾಗಿ ಕೇಳಿಸಿತು.

"ಹಂಗ ಅನಬ್ಯಾಡ್ರಿ," ಎಂದಳು. ಬೇಡಿಕೊಂಡಂತಾಯಿತು.

"ಯಾಕ್ರಿ?"

ಕೆಂಚವ್ವ ಎದ್ದು ಬಂದು ಸಿದ್ದಲಿಂಗವ್ವನ ಗದ್ದ ಹಿಡಿದಳು.

"ಮಾತಿನ ಭರದಾಗ ಬಲಗಲ್ಲ ಆ ಕಡೆ ಮಾಡಿ ಕುಂತಿಯಲ್ಲ ತಂಗೆವ್ವಾ. ಬಂಗು ಇರೂದು ಅದರ ಮ್ಯಾಲ. ದೀಪದ ಕಡೆ ತಿರುಗು."

ಪಕ್ಕದ ಸ್ಟೂಲು ಒಮ್ಮೆ ಕಿರುಗುಟ್ಟಿತು. ಅವನು ಇತ್ತ ತಿರುಗಿರಬೇಕು.

ಸ್ವಲ್ಪ ಹೊತ್ತಿಗೆ ಟಕ್ಕೆಂದು ಗುಂಡಿ ಒತ್ತಿದ ಸದ್ದು. ಮುಖದ ಮೇಲಿನ ಕಾವು ಇಳಿಯತೊಡಗಿತು. ಮುಗೀತು, ಕನ್ನಡಕ ತೆಗೆದು ಬೆಂಚಿನ ಮೇಲಿಡಿರೆಂದು ಹೇಳಿ ಕೆಂಚವ್ವ ದೀಪವನ್ನು ಅದರ ಗಾಲಿಗಳ ಮೇಲೆ ಹೊರಗೆ ದೂಡಿಕೊಂಡು ಹೋದಳು. ಆಚೆಯ ಕೋಣೆಯಲ್ಲಿ ಯಾರೋ ಮುದುಕನ ಮೊಣಕಾಲು ಅದಕ್ಕಾಗಿ ಕಾದಿತ್ತು.

ಸಿದ್ದಲಿಂಗವ್ವ ಅವನ ಕನ್ನಡಕದ ಲಾಡಿ ಸರಿಯುವ ಸದ್ದಿಗೆ ಕಿವಿಗೊಟ್ಟಳು. ಅವನೂ ಅವಳದ್ದಕ್ಕೆ ಕಿವಿಗೊಟ್ಟಿದ್ದಾನೆಂದು ಅವಳಿಗೆ ಗೊತ್ತಿತ್ತು. ಯಾರ ಕೈಯೂ ಮೇಲೇಳಲಿಲ್ಲ.

ಗಾಲಿಗಳ ಸದ್ದು ದೂರವಾಯಿತು. ದೀಪವಿಲ್ಲದ ಜಾಗಕ್ಕೆ ಇಬ್ಬರೂ ಗದ್ದವೆತ್ತಿ, ಮುಖ ಒಡ್ಡಿಕೊಂಡು ಕೂತೇ ಇದ್ದರು.