ಮರೆಯ ಹಿಂದಿನ ದಾಳ

“ಹದಿನಾಲ್ಕು. ಬದುಕ್ದೆ ಬಿಡಕ್ಕ,” ಎಂದಳು ತಂಗಿ.

ಅಕ್ಕ ಅವಳ ಮುಖ ನೋಡಲಿಲ್ಲ. ಅವಳ ಬೆನ್ನ ಹಿಂದೆ ಗೋಡೆಯುದ್ದಕ್ಕೂ ಇದ್ದ ಕನ್ನಡಿಯನ್ನು ನೋಡುತ್ತಿದ್ದಳು. ಅದರಲ್ಲಿ ತಂಗಿಯ ಜಡೆ, ಮೊಣಕೈ, ಮೊಣಕೈಯ ಪಕ್ಕಕ್ಕೆ ಉರುಳಿ ನಿಂತ ಇಪ್ಪತ್ತು ಮುಖದ ಹಸಿರು ದಾಳ. ದಾಳದ ನೆತ್ತಿಯ ಮೇಲೆ ಒಂದೇ ಒಂದು ಬಿಳಿ ಗೀಟು. ಹದಿನಾಲ್ಕಾಗಿದ್ದರೆ ಕನ್ನಡಿಯಲ್ಲಿ ತಿರುವುಮುರುವಾಗಿ ಕಾಣುತ್ತಿತ್ತು. ಒಂದು ಒಂದಾಗಿಯೇ ಕಂಡಿತು.

“ಏನಂದೆ?”

“ಹದಿನಾಲ್ಕು ಅಂದೆ.” ಅಷ್ಟರಲ್ಲಿ ತಂಗಿ ದಾಳವನ್ನು ಎತ್ತಿಕೊಂಡಾಗಿತ್ತು.

ಒಂಬತ್ತು ವರ್ಷದಿಂದ ಈ ಮೂವರು ವಾರಕ್ಕೊಂದು ಮಧ್ಯಾಹ್ನ ಈ ಆಟ ಆಡುತ್ತ ಬಂದಿದ್ದರು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ತಂಗಿ ಕಥೆ ಹೇಳುವವಳು. ಬಸ್ಸು ಓಡಿಸುವ ಅಕ್ಕ ಕಥೆಯೊಳಗೆ ದೋಣಿ ನಡೆಸುವ ಒಂಟಿಗಣ್ಣಿ. ಅಕ್ಕನ ಗಂಡ, ತಂಗಿಗೆ ಭಾವ, ಯಾವತ್ತೂ ಸಿಪಾಯಿ. ಕಥೆಯಲ್ಲಿ ಯಾವ ಸಾಹಸಕ್ಕೆ ಕೈ ಹಾಕಿದರೂ ದಾಳ ಹಾಕಬೇಕು. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು, ಒಂದು ಬಿದ್ದರೆ ಎಲ್ಲ ಕೆಟ್ಟ ಹಾಗೆ. ಎಷ್ಟು ಕೆಟ್ಟಿತು ಎನ್ನುವುದಕ್ಕೆ ಮನೆಯದೇ ಕಟ್ಟಳೆಯಿತ್ತು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಂಗಿ ದುಂಡಗೆ ಬರೆದಿದ್ದಳು: ‘ಜೀವದ ಮೇಲೆ ಬಂದಾಗ ಕಥೆ ಹೇಳುವವರೇ ಮರೆಯ ಹಿಂದೆ ದಾಳ ಹಾಕತಕ್ಕದ್ದು. ಒಂದು ಬಿದ್ದರೆ ಸಾವು. ಸತ್ತ ಪಾತ್ರದ ಹಾಳೆ ಹರಿಯತಕ್ಕದ್ದು.’ ಭಾವನ ಮೊದಲ ಸಿಪಾಯಿ ಸತ್ತಾಗ, ದಾಳ ಜಾರಿತು ಎಂದು ಅವನು ಹದಿನೈದು ದಿನ ಮುಖ ಊದಿಸಿಕೊಂಡಿದ್ದ. ಈ ಕಟ್ಟಳೆಯೂ ಮರೆಯೂ ಬಂದದ್ದು ಆಮೇಲೆ. ಗಾಜಿನ ಪೆಟ್ಟಿಗೆಯ ರಟ್ಟನ್ನು ಮಡಿಸಿ ನಿಲ್ಲಿಸಿದ ಮರೆ.

ಆಟ ನಡೆಯುತ್ತಿದ್ದದ್ದು ತಂಗಿಯ ಮೂರನೆಯ ಮಹಡಿಯ ಕೋಣೆಯಲ್ಲಿ. ಈ ಸಲ ಅಕ್ಕನಿಗೆ ಮೆಟ್ಟಿಲು ಹತ್ತಲು ಬೆನ್ನು ಬಿಡಲಿಲ್ಲ. ಹಾಗಾಗಿ ರಜೆಯ ದಿನ ಭಾವನ ಸಲೂನಿನಲ್ಲೇ ಸೇರಿದ್ದರು. ಅವನು ಹೆಂಡತಿಯನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಿ, ಪಂಪು ಒತ್ತಿ ಎತ್ತರಿಸಿ, “ಮಹಾರಾಣಿ ಸಿಂಹಾಸನ ಏರಿದ್ರು” ಎಂದು ನಕ್ಕಿದ್ದ. ತನ್ನ ಬೆನ್ನಿಗೆ ಕನ್ನಡಿಯಿದೆ, ಅಷ್ಟು ಎತ್ತರದಿಂದ ಅದರಲ್ಲಿ ಎಲ್ಲವೂ ಕಾಣುತ್ತದೆ ಎಂಬುದು ತಂಗಿಗೆ ಹೊಳೆಯಲೇ ಇಲ್ಲ.

“ಪುಟ್ಟೀ, ಒಂದು ಬಿದ್ದಿತ್ತು.”

“ಎಲ್ಲಿ ಬಿತ್ತು?” ಎಂದ ಭಾವ.

“ಕನ್ನಡಿಯಲ್ಲಿ ನೋಡಿದೆ ಕಣ್ರೀ.”

ತಂಗಿ ತಿರುಗಿದಳು. ಕನ್ನಡಿಯಲ್ಲಿ ತನ್ನ ಬೆಪ್ಪು ಮುಖ, ಅದರ ಮೇಲ್ಗಡೆ ಅಕ್ಕನ ಮುಖ. ಮತ್ತೆ ಇತ್ತ ತಿರುಗಲು ಅವಳಿಗೆ ಕತ್ತು ಬರಲಿಲ್ಲ.

“ಇದೊಂದೇ ಸಲಾನಾ?”

ತಂಗಿ ಕನ್ನಡಿಗೇ ಉತ್ತರ ಹೇಳಿದಳು. “ಏಳೋ ಎಂಟೋ ಸಲ. ಅಮ್ಮ ಹೋದ ತಿಂಗಳು ಮೊದಲನೇದು. ಅವತ್ತು ನೀನು ನಕ್ಕಿದ್ದೆ ಅಕ್ಕ. ಅಷ್ಟು ದಿನಕ್ಕೆ ಅವತ್ತೇ ನಕ್ಕಿದ್ದು. ಹೆಂಗೆ ಸಾಯ್ಸಲಿ ಹೇಳು?”

“ನನ್ನ ಆರು ಸಿಪಾಯಿಗಳನ್ನ ಚೆನ್ನಾಗೇ ಸಾಯ್ಸಿದ್ಯಲ್ಲೇ!” ಎಂದ ಭಾವ. ಯಾರೂ ನಗಲಿಲ್ಲ. ಆಮೇಲೆ ಅವನಿಗೂ ನೆನಪಾಯಿತು. ಅವನ ಕಣ್ಣು ಬಾಚಣಿಗೆಗಳ ಲೋಟದ ಕಡೆ ಹೋಯಿತು.

ಲೋಟದ ಕೆಳಗೆ ಆಸ್ಪತ್ರೆಯ ಕಾಗದವಿತ್ತು. ನಾಳೆ ಕೊಡಬೇಕಾದದ್ದು. ಬೆನ್ನುಹುರಿಯ ಆಪರೇಷನ್ನಿಗೆ ಎರಡು ವರ್ಷ ಒಲ್ಲೆನೆಂದಿದ್ದ ಅಕ್ಕ ಹೋದ ವಾರ ಅದಕ್ಕೆ ಸಹಿ ಹಾಕಿದ್ದಳು. ಇಪ್ಪತ್ತು ಜನರಲ್ಲಿ ಹತ್ತೊಂಬತ್ತು ಜನ ನಡೆದುಕೊಂಡೇ ಮನೆಗೆ ಹೋಗುತ್ತಾರೆ, ಒಬ್ಬರಿಗೆ ಕಾಲಿನ ಸ್ವಾಧೀನ ತಪ್ಪಬಹುದು ಎಂದು ಡಾಕ್ಟರು ಹೇಳಿದಾಗ ಅವಳು ಜೋರಾಗಿ ನಕ್ಕುಬಿಟ್ಟಿದ್ದಳು. “ಇಪ್ಪತ್ತರಲ್ಲಿ ಒಂದಾ? ಹಾಗಾದ್ರೆ ಕೊಡಿ ಇಲ್ಲಿ ಪೆನ್ನು. ಒಂಬತ್ತು ವರ್ಷದಲ್ಲಿ ಜೀವದ ಮೇಲೆ ಬಂದಾಗ ನಂಗೆ ಒಂದು ಬಿದ್ದೇ ಇಲ್ಲ!”

“ನೀನು ಪಕ್ಕದಲ್ಲೇ ಕೂತಿದ್ಯಲ್ಲೇ,” ಎಂದಳು ಅಕ್ಕ. ದನಿ ಏರಲಿಲ್ಲ. “ಡಾಕ್ಟ್ರ ಎದುರಿಗೆ. ನೀನೂ ನಕ್ಕೆ.”

“ನೀನು ತಮಾಷೆಗೆ ಅಂದೆ ಅಂದ್ಕೊಂಡೆ.”

“ತಮಾಷೆಗೆ ಯಾರಾದ್ರೂ ಬೆನ್ನು ಕೊಯ್ಸಿಕೊಳ್ತಾರಾ?”

ಭಾವ ಮಡಿಸಿಟ್ಟಿದ್ದ ಟವೆಲುಗಳನ್ನು ಬಿಚ್ಚಿ ಮತ್ತೆ ಮಡಿಸತೊಡಗಿದ. ಅಕ್ಕ ಒಂಟಿಗಣ್ಣಿಯ ಹಾಳೆ ಕೇಳಿದಳು. ಅಳಿಸಿ ಅಳಿಸಿ ತೂತಾಗಿ, ಮಡಿಕೆಗಳಲ್ಲಿ ಟೇಪು ಅಂಟಿಸಿಕೊಂಡು ಬದುಕಿದ್ದ ಹಾಳೆ. ಅದನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಸವರಿದಳು.

“ಬೇಡ ಅಕ್ಕ. ದಮ್ಮಯ್ಯ.”

“ಕಟ್ಟಳೆ ಬರೆದೋಳು ನೀನೇ ಅಲ್ವೇನೇ?”

ಟೇಪು ಇದ್ದಲ್ಲಿ ಹಾಳೆ ಹರಿಯಲಿಲ್ಲ. ಅಕ್ಕ ಹಲ್ಲು ಹಚ್ಚಿ ಸೀಳಿದಳು. ತಂಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಾಳೆ ಆ ಡಾಕ್ಟ್ರು ಇನ್ನೊಂದ್ಸಲ ಮೊದಲಿಂದ ಹೇಳ್ಬೇಕು,” ಎಂದಳು ಅಕ್ಕ. “ಅವತ್ತು ಅವರು ಹೇಳಿದ್ದು ನನ್ನ ಕಿವಿಗೇ ಹೋಗಿಲ್ಲ. ಕೇಳಿಸ್ಕೊಂಡು, ಆಮೇಲೆ ಕಾಗದ ಕೊಡೋದೋ ಬಿಡೋದೋ ನೋಡೋಣ. ಹೊಸ ಹಾಳೆ ತೆಗಿ. ಆ ರಟ್ಟು ಎತ್ತಿ ಆಚೆ ಇಡು.”

ಆಟಕ್ಕೆ ಹೊಸ ಪಾತ್ರ ಬಂದರೆ ಮೊದಲ ದಾಳ ಅದರ ಮೈಬಲಕ್ಕೆ. ಅಕ್ಕ ದಾಳವನ್ನು ಅಂಗೈಯಲ್ಲಿ ಬಹಳ ಹೊತ್ತು ಕುಲುಕಿ ಎಸೆದಳು. ಅದು ಮೇಜಿನ ಅಂಚಿಗೆ ಬಡಿದು, ನೆಲಕ್ಕೆ ಹಾರಿ, ಕುರ್ಚಿಯ ಅಡಿಗೆ ಉರುಳಿತು. ನೆಲಕ್ಕೆ ಬಿದ್ದದ್ದನ್ನು ಬಿದ್ದ ಹಾಗೆಯೇ ಓದಬೇಕು ಎಂಬುದೂ ಕಟ್ಟಳೆಯೇ. ಅಕ್ಕನಿಗೆ ಬಗ್ಗಲಾಗದು. ತಂಗಿ ಮಂಡಿಯೂರಿ, ತಣ್ಣನೆಯ ನೆಲಕ್ಕೆ ಕೆನ್ನೆ ಹಚ್ಚಿದಳು. ಅಲ್ಲಿಂದ ಅವಳೊಬ್ಬಳಿಗೇ ಅಂಕಿ ಕಾಣುತ್ತಿತ್ತು.

“ಎಷ್ಟು?”

“ಮೂರು.”

“ಮೂರಾ?”

“ಮೂರೇ ಅಕ್ಕ.”

ಮೇಲೆ ಹಾಳೆಯ ಮೇಲೆ ಪೆನ್ಸಿಲು ಆಡಿದ ಸದ್ದಾಯಿತು. ತಂಗಿ ಏಳಲಿಲ್ಲ. ಅವಳ ಕಣ್ಣೆದುರಿಗೆ, ಕುರ್ಚಿಯ ಕಾಲುಮಣೆಯ ಮೇಲೆ, ಅಕ್ಕನ ಬಲಗಾಲು ಇಳಿಜಾರಿನಲ್ಲಿ ಬಸ್ಸನ್ನು ತಡೆದು ತಡೆದು ಇಳಿಸುವಂತೆ ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು.